ಅತ್ತೆಯ ಮೂರು ಹೆಜ್ಜೆ

ಮೊನ್ನೆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆದೆ. ಟೇಪು ಹಿಡಿದು ನಾಲ್ಕು ಅಡಿ ಅಳೆದು ಅಲ್ಲಿ ಇನ್ನೊಂದು ಗೆರೆ ಎಳೆದೆ. ಹಿತ್ತಿಲಿನಿಂದ ಬಂದ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದ್ಯಾವ ಸೀಮೆ ರಂಗೋಲಿನೇ? ಚುಕ್ಕಿ ಇಲ್ಲ, ಬಳ್ಳಿ ಇಲ್ಲ."

"ಅತ್ತೆ, ಈ ಗೆರೆ ಮೇಲೆ ನಿಂತ್ಕೊಳ್ಳಿ. ಕೈಮುಗಿದು, ನೀವು ಮಾಡ್ತೀರಲ್ಲ, ಹಾಗೆ ಮೂರು ಹೆಜ್ಜೆ ಹಿಂದಕ್ಕೆ ಇಡಿ."

"ಯಾರಿಗೆ ಕೈಮುಗೀಲಿ?"

"ನನಗೇ ಮುಗೀರಿ."

"ನಿಂಗೆ ಒಂದು ಹೆಜ್ಜೆ ಸಾಕು."

ಆದರೂ ಇಟ್ಟರು. ಒಂದು, ಎರಡು, ಮೂರು. ಮೂರನೆಯದಕ್ಕೆ ಅವರ ಹಿಮ್ಮಡಿ ಎರಡನೇ ಗೆರೆಯನ್ನು ದಾಟಿ ಅರ್ಧ ಗೇಣು ಆಚೆ ಬಿತ್ತು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಆ ಎರಡನೇ ಗೆರೆಯ ಜಾಗದಲ್ಲಿ ಪ್ಲಾಟ್‌ಫಾರಂ ಮುಗಿದಿತ್ತು. ಅದರಾಚೆ ಹಳಿಯ ಮೇಲೆ ಗೂಡ್ಸ್ ರೈಲು ಬರುತ್ತಿತ್ತು. ಅಲ್ಲಿ ಅತ್ತೆ ಇಟ್ಟದ್ದು ಎರಡು ಹೆಜ್ಜೆ. ಮೂರನೆಯದಕ್ಕೆ ಕಾಲು ಎತ್ತಿದ್ದರು.

ಸ್ಟೇಷನ್ನಿನ ಆ ಘಟನೆಯಾಗಿ ಹತ್ತು ದಿನ. ಅತ್ತೆ ಮರೆತು ಆರಾಮಾಗಿದ್ದಾರೆ. ನಾನು ಮಾತ್ರ ಮಿಕ್ಸಿ ಹಾಕಿದರೂ ಬೆಚ್ಚುತ್ತೇನೆ.

ಈ ಮೂರು ಹೆಜ್ಜೆಯ ವಿಷಯವನ್ನು ಮೊದಲು ಹೇಳಬೇಕು. ಗರ್ಭಗುಡಿಯ ಮುಂದೆ ಕೈಮುಗಿದವರು ದೇವರಿಗೆ ಬೆನ್ನು ತೋರಿಸಿ ಸರಕ್ಕನೆ ಹೊರಡಬಾರದು ಎಂಬುದು ನಮ್ಮ ಕಡೆಯ ರೂಢಿ. ಮುಖವನ್ನು ದೇವರ ಕಡೆಗೇ ಇಟ್ಟುಕೊಂಡು ಮೂರು ಹೆಜ್ಜೆ ಹಿಂದೆ ಸರಿದು ಆಮೇಲೆ ತಿರುಗುತ್ತೇವೆ. ಎಲ್ಲರೂ ಇದನ್ನು ದೇವಸ್ಥಾನದಲ್ಲಿ ಬಿಟ್ಟು ಬರುತ್ತಾರೆ. ನಮ್ಮತ್ತೆ ಮನೆಗೆ ತಂದಿದ್ದಾರೆ. ತಮಗೆ ಯಾರ ಮೇಲೆ ಗೌರವ ಹುಟ್ಟಿದರೂ ಅವರಿಗೆ ಮೂರು ಹೆಜ್ಜೆ ಸಲ್ಲುತ್ತದೆ. ಬೇಲೂರಿನಲ್ಲಿ ಮೇಷ್ಟ್ರಾಗಿರುವ ನನ್ನ ಗಂಡನ ಹೆಡ್ಮಾಸ್ಟರಿಗೆ ಕೈಮುಗಿದು ಸರಿಯುತ್ತಾ ಸ್ಕೂಲಿನ ಹೂಕುಂಡದೊಳಗೆ ಕಾಲಿಟ್ಟಿದ್ದಾರೆ. ಕಣ್ಣಿನ ಡಾಕ್ಟರಿಗೆ ಕೈಮುಗಿದು ಹಿಂದೆ ಕೂತಿದ್ದ ರೋಗಿಯ ತೊಡೆಯ ಮೇಲೆ ಆಸೀನರಾಗಿದ್ದಾರೆ. ನನ್ನ ಮದುವೆಯಲ್ಲಿ ನಮ್ಮಪ್ಪನಿಗೆ ಬೀಗರ ಮರ್ಯಾದೆ ಮಾಡುತ್ತಾ ಹಿಂದೆ ಸರಿದಾಗ, ಬಿಸಿ ಸಾರಿನ ಬಕೆಟ್ ಹಿಡಿದಿದ್ದವನು ಪಕ್ಕಕ್ಕೆ ಹಾರಿದ ರೀತಿ ಮದುವೆಯ ವಿಡಿಯೋದಲ್ಲಿ ಈಗಲೂ ಇದೆ. ನೆಂಟರು ಬಂದರೆ ತಾಳಿ ಕಟ್ಟುವ ಭಾಗವನ್ನು ಮುಂದಕ್ಕೆ ಓಡಿಸಿ ಸಾರಿನ ಭಾಗವನ್ನೇ ಹಾಕಿಸಿಕೊಂಡು ನೋಡುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಅತ್ತೆಯೇ.

ಇಷ್ಟು ಗೊತ್ತಿದ್ದೂ ಅವರನ್ನು ಆ ಜಾಗದಲ್ಲಿ ನಿಲ್ಲಿಸಿದವಳು ನಾನು. ಅದಕ್ಕೆ ಕಾರಣ ಸ್ಪ್ಯಾನಿಷ್.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಹಳೇಬೀಡಿನ ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆಂದು ಇಟ್ಟಿದ್ದೇವೆ. ಉಳಿದುಕೊಂಡವರಿಗೆ ದೇವಸ್ಥಾನ, ಬಸದಿ ಎಲ್ಲ ತೋರಿಸುವುದು ನನ್ನ ಕೆಲಸ. ಇಂಗ್ಲಿಷ್ ಬಂದವರ ಜೊತೆ ತೊಂದರೆಯಿಲ್ಲ. ಸ್ಪ್ಯಾನಿಷ್ ಮಾತಾಡುವವರು ಬಂದಾಗ ನನ್ನ ಎಂ.ಎ. ಪೂರ್ತಿ ಬಚ್ಚಲಮನೆ ಎಲ್ಲಿದೆ ಎಂದು ಬೆರಳು ತೋರಿಸುವುದರಲ್ಲೇ ಖರ್ಚಾಗುತ್ತಿತ್ತು. ಒಂದು ಸಲ ಹೀಗೆ ಬಂದ ಗುಂಪಿಗೆ ಕಲ್ಲಿನ ಆನೆಗಳ ಸಾಲು ತೋರಿಸಿ "ಆನೆ" ಎಂದೆ. ಅವರು ಆನೆಯನ್ನು ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿದರು. ಅವತ್ತೇ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಸ್ಪೇನ್ ದೇಶದ ಯಾವುದೋ ಊರಿನಲ್ಲಿ ಕೂತ ಹೆಂಗಸೊಬ್ಬಳು ವಾರಕ್ಕೆ ಮೂರು ದಿನ ಕಂಪ್ಯೂಟರ್‌ನಲ್ಲಿ ಪಾಠ ಮಾಡುತ್ತಾಳೆ. ವರ್ಷ ಕಳೆಯಿತು, ಪರೀಕ್ಷೆ ಬಂತು. ಪರೀಕ್ಷೆಗೆ ಕೂರಬೇಕಾದರೆ ಮೊದಲು ಒಂದು ಸಂಭಾಷಣೆಯನ್ನು ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಕಳಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ನನಗೆ ಬಂದ ವಿಷಯ ಇದು: ಸ್ಪ್ಯಾನಿಷ್ ತಾಯಿನುಡಿಯವರೊಬ್ಬರನ್ನು ಹಿಡಿದು, ಅವರ ಊರಿನಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ನಮಸ್ಕಾರ ಹೇಳಿಕೊಳ್ಳುತ್ತಾರೆ ಎಂದು ಸ್ಪ್ಯಾನಿಷ್‌ನಲ್ಲೇ ಕೇಳಬೇಕು. ಹತ್ತು ಪ್ರಶ್ನೆ. ಟೀಚರ್ ಒಂದು ಷರತ್ತು ಹಾಕಿದ್ದಳು. ಹತ್ತನೆಯ ಪ್ರಶ್ನೆ ಬೀಳ್ಕೊಡುವ ರೀತಿಯ ಬಗ್ಗೆ. ಅದನ್ನು ನಿಜವಾಗಿ ಬೀಳ್ಕೊಡುವ ಹೊತ್ತಿನಲ್ಲೇ ಕೇಳಬೇಕು, ಅದೇ ರೆಕಾರ್ಡಿಂಗ್‌ನಲ್ಲಿ ಬೀಳ್ಕೊಡುಗೆಯೂ ಕೇಳಿಸಬೇಕು.

ಹಿಡಿಯಲು ಯಾರೂ ಸಿಕ್ಕದ ದಿನಗಳಲ್ಲಿ ನಾನು ಅತ್ತೆಯ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಅವರು ಜಗುಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರೆ ನಾನು ಎದುರು ಕೂತು ಕೇಳುತ್ತಿದ್ದೆ.

"ಕೋಮೊ ಸೆ ಸಲೂದಾನ್ ಉಸ್ತೇದೆಸ್?"

"ಹ್ಞೂಂ, ಚೆನ್ನಾಗೈತೆ. ಏನಂದೆ?"

"ನೀವು ಹೇಗೆ ನಮಸ್ಕಾರ ಮಾಡ್ತೀರಿ ಅಂತ."

"ಕಣ್ಣು ಕಾಣಾಕಿಲ್ವಾ? ದಿನಾ ನೋಡ್ತೀಯ."

"ಅಲ್ಲ ಅತ್ತೆ, ಅವರ ಕಡೆ ಹೆಂಗಸರು ಸಿಕ್ಕಿದ್ರೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಡ್ತಾರೆ. ನಮ್ಮ ಟೀಚರ್ ಊರಲ್ಲಿ ಎರಡು. ಈ ಕಡೆ ಒಂದು, ಆ ಕಡೆ ಒಂದು."

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟರು. "ಗುರ್ತಿಲ್ದೋರ್ಗೂವಾ?"

"ಗುರುತಿಲ್ಲದವರಿಗೂ."

"ಸಂತೆಗೆ ಹೋದ್ರೆ ಮನೆಗೆ ಬರೋದ್ಯಾವಾಗ ಅವ್ರು?"

ಆಮೇಲೆ ಎರಡು ಕೆನ್ನೆಯ ಪಾಠವನ್ನೂ ಮಾಡಿದೆವು. ನಾನು ಬಗ್ಗಿದ ಕೂಡಲೇ ಅತ್ತೆ ಕೈಮುಗಿದು ಹಿಂದೆ ಸರಿದರು, ಮೊರ ಮಗುಚಿತು, ಬೆಳ್ಳುಳ್ಳಿ ಸಿಪ್ಪೆ ಅಂಗಳಕ್ಕೆಲ್ಲ ಹಾರಿತು. "ಥೂ ಹೋಗೇ" ಎಂದು ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ಅದನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ನಮ್ಮತ್ತೆಗೆ ಇದೆಲ್ಲ ಆಗಿಬರುವುದಿಲ್ಲ ಎಂದು ತೀರ್ಮಾನಿಸಿದೆ.

ಕೊನೆಗೆ ಒಬ್ಬರು ಬಂದರು. ಮೆಕ್ಸಿಕೋ ದೇಶದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು, ವಯಸ್ಸು ಅತ್ತೆಯದ್ದೇ ಇರಬಹುದು. ಅತ್ತೆಗಿಂತ ಎರಡು ಪಟ್ಟು ಅಗಲ, ಅರ್ಧದಷ್ಟು ಬಿಳಿ ಕೂದಲು. ಮೂರು ದಿನಕ್ಕೆ ಕೋಣೆ ಕೇಳಿದ್ದರು. ಆಟೋದಿಂದ ಇಳಿದು ಗೇಟು ದಾಟಿ ಬರುವಾಗಲೇ ಎರಡೂ ಕೈ ಚಾಚಿದ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅವತ್ತು ಬೆಳಿಗ್ಗೆ ಬೇರೆ ಸೀರೆ ಉಟ್ಟಿದ್ದರು, ಮುಖ ತೊಳೆದು ಪೌಡರ್ ಹಾಕಿದ್ದರು. ನಾನು ಇದನ್ನೆಲ್ಲ ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಓಡಿಹೋಗಿ ಇಬ್ಬರ ನಡುವೆ ನಿಂತೆ. ಒಂದು ವರ್ಷ ಕಲಿತ ಸ್ಪ್ಯಾನಿಷ್‌ನ ಮೊದಲ ಪೂರ್ತಿ ವಾಕ್ಯ ಅವತ್ತು ನನ್ನ ಬಾಯಿಂದ ಬಂತು: ನಮ್ಮ ಕಡೆ ಹಿರಿಯರನ್ನು ಮುಟ್ಟುವುದಿಲ್ಲ, ದೂರದಿಂದ ಕೈಮುಗಿಯಬೇಕು, ದಯವಿಟ್ಟು ಮುತ್ತು ಬೇಡ.

ಅವರು ಚಾಚಿದ್ದ ಕೈಗಳನ್ನು ಮೆಲ್ಲಗೆ ಮಡಚಿ ಎದೆಯ ಹತ್ತಿರ ತಂದುಕೊಂಡು ಬಗ್ಗಿದರು. ಅತ್ತೆ ಕೈಮುಗಿದು ಮೂರು ಹೆಜ್ಜೆ ಸರಿದರು. ಹಿಂದೆ ಬಾಗಿಲಿತ್ತು, ಬೆನ್ನು ತಾಗಿ ಬಾಗಿಲು ಕಿರ್ರೆಂದು ತೆರೆಯಿತು. ನೋಡಿದವರಿಗೆ ಸ್ವಾಗತಕ್ಕೆಂದೇ ತೆಗೆದ ಹಾಗಿತ್ತು.

ಅವತ್ತು ಸಂಜೆಯೇ ಕಾಫಿ ಕುಡಿಯುತ್ತಾ ಒಂಬತ್ತು ಪ್ರಶ್ನೆ ಮುಗಿಸಿದೆ. ಚೀಟಿ ನೋಡಿಕೊಂಡು ಓದುತ್ತಿದ್ದೆ. ಅವರು ಮೇಷ್ಟ್ರಾಗಿದ್ದವರಲ್ಲವೆ, ನಿಧಾನವಾಗಿ, ಬಿಡಿಸಿ ಬಿಡಿಸಿ ಉತ್ತರಿಸಿದರು. ಅವರ ಊರಲ್ಲಿ ಎರಡು ಮುತ್ತಲ್ಲ, ಒಂದೇ. ಬಲಗೆನ್ನೆಗೆ. ಗಂಡಸರು ಕೈ ಕುಲುಕಿ ಬೆನ್ನು ತಟ್ಟುತ್ತಾರೆ. ಒಂದು ಮನೆಯೊಳಗೆ ಇಪ್ಪತ್ತು ಜನ ಕೂತಿದ್ದರೂ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಬೇಕು, ಬಾಗಿಲಲ್ಲಿ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿದರೆ ಅದು ಒರಟು. ಹೊರಡುವಾಗಲೂ ಅಷ್ಟೇ, ಇಪ್ಪತ್ತೂ ಜನರಿಗೆ.

"ಅವಳು ಏನಂತಾಳೆ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಅವರ ಊರಲ್ಲಿ ಹೋಗ್ತೀನಿ ಅಂದಮೇಲೆ ಹೋಗೋಕೆ ಒಂದು ಗಂಟೆ ಬೇಕಂತೆ."

"ನಮ್ ಚಿಕ್ಕತ್ತೆ ಥರ."

ಮೂರು ದಿನವೂ ಆಕೆ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಬೆಳಿಗ್ಗೆ ಅತ್ತೆ ಎದುರಾದರೆ ನಿಲ್ಲುವುದು, ಕೈಮುಗಿಯುವುದು. ಅತ್ತೆಯದು ಪ್ರತಿನಮಸ್ಕಾರ, ಮೂರು ಹೆಜ್ಜೆ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು, ಆದರೂ ಅಡಿಗೆಮನೆಯಲ್ಲಿ ಇಬ್ಬರೂ ಗಂಟೆಗಟ್ಟಲೆ ಇರುತ್ತಿದ್ದರು. ಅತ್ತೆ ರೊಟ್ಟಿ ತಟ್ಟುವುದು, ಆಕೆ ನೋಡಿ ತಾವೂ ತಟ್ಟುವುದು. ಆಕೆಯ ಊರಲ್ಲೂ ಹೀಗೇ ತಟ್ಟುತ್ತಾರಂತೆ, ಮುಸುಕಿನ ಜೋಳದಲ್ಲಿ. "ಕೈ ಪಳಗೈತೆ" ಎಂದು ಅತ್ತೆ ಸರ್ಟಿಫಿಕೇಟ್ ಕೊಟ್ಟರು. ನಡುವೆ ಎರಡು ಮೊಳ ಅಂತರ ಮಾತ್ರ ಹಾಗೇ ಇತ್ತು. ನಾನು ಹೋಗುತ್ತಾ ಬರುತ್ತಾ ಆ ಅಂತರವನ್ನು ನೋಡಿ ನನ್ನ ಕೆಲಸ ಎಷ್ಟು ಅಚ್ಚುಕಟ್ಟು ಎಂದುಕೊಳ್ಳುತ್ತಿದ್ದೆ.

ಎರಡನೇ ದಿನ ಮೂವರೂ ಬಸ್ತಿಹಳ್ಳಿಗೆ ನಡೆದು ಹೋದೆವು. ಬಸದಿಯ ಒಳಗಿನ ಕಂಬಗಳನ್ನು ಎಷ್ಟು ನುಣುಪಾಗಿ ತಿಕ್ಕಿದ್ದಾರೆಂದರೆ ಮುಂದೆ ನಿಂತರೆ ಮುಖ ಕಾಣುತ್ತದೆ. ನಾನು ಅದನ್ನು ಸ್ಪ್ಯಾನಿಷ್‌ನಲ್ಲಿ ವಿವರಿಸುವ ಸಾಹಸದಲ್ಲಿದ್ದೆ. ಆಕೆ ಕೇಳುತ್ತಿರಲಿಲ್ಲ. ಕಂಬದಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಆಕೆ ಅದನ್ನೇ ನೋಡುತ್ತಾ ಎರಡು ಬೆರಳನ್ನು ತಮ್ಮ ತುಟಿಗೆ ತಾಗಿಸಿ ಕಂಬಕ್ಕೆ ಒತ್ತಿದರು. ಕಂಬದೊಳಗಿನ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಹಿಂದೆ ಸರಿಯಲಿಲ್ಲ. ಇದನ್ನೂ ನೋಡಿದೆ. ಇದು ಮುಟ್ಟಿದ ಲೆಕ್ಕವೋ ಅಲ್ಲವೋ ಎಂದು ಮಾತ್ರ ಯೋಚಿಸಿದೆ.

ಮೂರನೇ ದಿನ ಮಧ್ಯಾಹ್ನ ಆಕೆಗೆ ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗೆ ರೈಲು. ನಾನು ಹೋಗಲೇಬೇಕು, ಹತ್ತನೇ ಪ್ರಶ್ನೆ ಬಾಕಿಯಿತ್ತು. ಅತ್ತೆ ತಾವೂ ಬರುತ್ತೇನೆಂದರು.

"ಎರಡು ಗಂಟೆ ಬಸ್ಸು ಅತ್ತೆ, ಯಾಕೆ ಸುಮ್ನೆ?"

"ಮನೆಗೆ ಬಂದೋಳ್ನ ಗೇಟಲ್ಲೇ ಕಳಿಸ್ಬಿಡಕ್ಕೆ ಅವಳೇನು ಮೀಟ್ರು ಓದೋಳಾ?"

ಹೊರಡುವ ಮೊದಲು ಅತ್ತೆ ಆಕೆಗೆ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಕೊಟ್ಟರು. ಕುಂಕುಮ ಮಾತ್ರ ನಾನೇ ಇಟ್ಟೆ, ಅತ್ತೆಯ ಕೈ ತಾಗದಿರಲಿ ಎಂದು. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಅರಸೀಕೆರೆಯಲ್ಲಿ ಎರಡು ಕಡೆಯೂ ಹಳಿಯಿರುವ ಪ್ಲಾಟ್‌ಫಾರಂನಲ್ಲಿ ಆಕೆಯ ರೈಲು ಬರುವುದಿತ್ತು. ರೈಲು ಬರುವ ಬದಿಗೆ ಜನ, ಗಂಟು ಮೂಟೆ, ವಡೆ ಮಾರುವವರ ಗಲಾಟೆ. ಇಲ್ಲಿ ರೆಕಾರ್ಡ್ ಮಾಡಿದರೆ ಬರೀ ವಡೆ ಕೇಳಿಸುತ್ತದೆ ಎನ್ನಿಸಿತು. ಇನ್ನೊಂದು ಬದಿ ಖಾಲಿಯಿತ್ತು. ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಆಕೆಯನ್ನು ಒಳಗಡೆ ನಿಲ್ಲಿಸಿದೆ, ಅತ್ತೆಯನ್ನು ಅವರ ಎದುರಿಗೆ. ಅತ್ತೆಯ ಬೆನ್ನಿಗೆ ಖಾಲಿ ಹಳಿ. ನಿಲ್ಲಿಸಿದವಳು ನಾನೇ, ಬೆಳಕು ಮುಖಕ್ಕೆ ಬೀಳಲಿ ಎಂದು ಭುಜ ಹಿಡಿದು ಒಂಚೂರು ತಿರುಗಿಸಿದ್ದೂ ನೆನಪಿದೆ. ಎಡಗೈಯಲ್ಲಿ ಆಕೆಯ ಚೀಲ, ಬಲಗೈಯಲ್ಲಿ ಫೋನು, ಫೋನಿನ ಕೆಳಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದ ಪ್ರಶ್ನೆಯ ಚೀಟಿ.

ಮೈಕಿನಲ್ಲಿ ಏನೋ ಹೇಳುತ್ತಿದ್ದರು, ಮೂರು ಭಾಷೆಯಲ್ಲಿ. ಮೂರೂ ನನಗೆ ಬರುತ್ತವೆ. ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

"ಬತ್ತೀನಿ ಅನ್ನು ಅಂತ ಹೇಳೇ ಅವಳ್ಗೆ, ಹೋಗ್ತೀನಿ ಅನ್ಬಾರ್ದು" ಎಂದರು ಅತ್ತೆ. ಕೈಮುಗಿದರು. ನಾನು ತಲೆ ತಗ್ಗಿಸಿ ಚೀಟಿ ಓದಲು ಶುರುಮಾಡಿದೆ: ನಿಮ್ಮ ಊರಿನಲ್ಲಿ, ಸ್ನೇಹಿತರನ್ನು, ಬೀಳ್ಕೊಡುವಾಗ. ಕಣ್ಣಂಚಿನಲ್ಲಿ ಅತ್ತೆಯ ಪಾದ ಹಿಂದಕ್ಕೆ ಹೋಯಿತು. ಒಂದು. ಹಳದಿ ಪಟ್ಟಿಯ ಮೇಲೆ ಇನ್ನೊಂದು. ಹಾರನ್ ಕೇಳಿಸಿತು, ಅದು ದೂರದ್ದಲ್ಲ. ತಲೆ ಎತ್ತಿದೆ. ಅತ್ತೆಯ ಹಿಂದೆ, ಬಲಗಡೆಯಿಂದ, ಗೂಡ್ಸ್ ಎಂಜಿನ್ನಿನ ಮೂತಿ. ಅದು ನಿಲ್ಲುವ ರೈಲಾಗಿರಲಿಲ್ಲ. ಅತ್ತೆಯ ಮುಖದಲ್ಲಿ ಮಾತ್ರ ದೇವರ ಮುಂದೆ ನಿಂತ ಶಾಂತಿ. ಮೂರನೆಯದಕ್ಕೆ ಅವರ ಎಡಗಾಲು ನೆಲ ಬಿಟ್ಟಿತ್ತು.

ನಾನು ಫೋನು ಕೆಳಗೆ ಹಾಕಲಿಲ್ಲ. ಚೀಲ ಬಿಡಲಿಲ್ಲ. ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದರೂ ಆ ಚಿತ್ರದಲ್ಲಿ ನನ್ನ ಕೈಗಳು ತುಂಬಿಯೇ ಇರುತ್ತವೆ.

ಮುಂದೆ ನುಗ್ಗಿದ್ದು ಆಕೆ. ಎರಡು ದೊಡ್ಡ ಹೆಜ್ಜೆ ಹಾಕಿ ಅತ್ತೆಯ ಎರಡು ತೋಳನ್ನೂ ಹಿಡಿದು ಬರಸೆಳೆದು ಬಲಗೆನ್ನೆಗೆ ಚಪ್ ಎಂದು ಒಂದು ಮುತ್ತು ಕೊಟ್ಟರು. ಅದೇ ಕ್ಷಣಕ್ಕೆ ಎಂಜಿನ್ನು ಅವರ ಹಿಂದೆ ದಡಾರನೆ ಹಾದುಹೋಯಿತು. ಗಾಳಿಗೆ ಅತ್ತೆಯ ಸೆರಗು ಮೇಲೆದ್ದು ಇಬ್ಬರ ತಲೆಯನ್ನೂ ಮುಚ್ಚಿತು. ಡಬ್ಬಿಗಳು ಒಂದರ ಹಿಂದೊಂದು. ಆ ಸದ್ದಿನೊಳಗೆ, ಸೆರಗು ಸರಿದಾಗ, ನಾನು ಕಂಡದ್ದು ಇದು: ಅತ್ತೆ ಇನ್ನೊಂದು ಕೆನ್ನೆಯನ್ನು ತಿರುಗಿಸಿಕೊಂಡು ಕಾಯುತ್ತಿದ್ದರು. ನಾನು ಎರಡೆಂದು ಹೇಳಿಕೊಟ್ಟಿದ್ದೆನಲ್ಲ. ಮೆಕ್ಸಿಕೋದವರದು ಒಂದಕ್ಕೇ ಮುಗಿದಿತ್ತು. ಅತ್ತೆ ಕಾದರು. ಆಕೆಗೆ ಅರ್ಥವಾಗಿ ನಗುತ್ತಾ ಎರಡನೆಯದನ್ನೂ ಕೊಟ್ಟರು.

ಆಗ ನಾನು "ಅತ್ತೆ" ಎಂದು ಕೂಗಿದೆ.

ಆಕೆಯ ರೈಲು ಬಂತು, ಹತ್ತಿಸಿದೆವು, ಕಿಟಕಿಯಿಂದ ಕೈಬೀಸಿದರು. ಎಲ್ಲವನ್ನೂ ನೋಡಿದ್ದ ವಡೆಯವನೊಬ್ಬ ಹತ್ತಿರ ಬಂದ.

"ಏನಜ್ಜಿ, ಗೂಡ್ಸಿಗೆ ಟಿಕೆಟ್ ತಗಂಡಿದ್ರಾ?"

"ಇಲ್ಲ ಕಣಪ್ಪ, ಅದ್ಕೇ ಇಳಿಸ್ಬಿಟ್ರು" ಎಂದು ಅತ್ತೆ ಹೇಳಿ ನನಗೆ ಎರಡು ವಡೆ ಕೊಡಿಸಿದರು. ನನ್ನ ಮುಖ ನೋಡಿ, ತಿನ್ನು, ಬಣ್ಣ ಹೋಗೈತೆ ಎಂದರು. ನಾನು ವಡೆ ಹಿಡಿದುಕೊಂಡೇ ಹೋಗಿ ಅತ್ತೆ ನಿಂತಿದ್ದ ಜಾಗದಿಂದ ಅಂಚಿನವರೆಗೆ ಹಾಸುಗಲ್ಲುಗಳನ್ನು ಎಣಿಸಿದೆ. ನಾಲ್ಕು ಅಡಿ.

ಅವತ್ತಿನಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯಿತು. ಆಕೆ ರೈಲನ್ನು ನೋಡಿದ್ದರೋ ಇಲ್ಲವೋ? ನೋಡಿ ಎಳೆದುಕೊಂಡರೆ ಅದು ಸಮಯಪ್ರಜ್ಞೆ. ಎದುರಿಗೆ ಎಚ್ಚರವಿದ್ದ ಒಬ್ಬರಿದ್ದರು ಎಂದಾಗುತ್ತದೆ. ನೋಡಿರದಿದ್ದರೆ? ನನ್ನ ಮಾತನ್ನು ಅವರು ಇನ್ನೊಂದು ನಿಮಿಷ ಪಾಲಿಸಿದ್ದರೆ, ಎರಡು ಮೊಳ ದೂರದಲ್ಲೇ ನಿಂತು ಮರ್ಯಾದೆಯಿಂದ ಕೈಮುಗಿದಿದ್ದರೆ? ಮೆಸೇಜಿನಲ್ಲಿ ಕೇಳಬಹುದಿತ್ತು. ಮೂರು ಸಲ ಬರೆದು ಅಳಿಸಿದೆ. ಉತ್ತರ ಫೋನಿನ ರೆಕಾರ್ಡಿಂಗ್‌ನಲ್ಲೂ ಇರಬಹುದು. ಅದನ್ನು ಭಾನುವಾರದೊಳಗೆ ಕಳಿಸಬೇಕಿತ್ತು, ಕಳಿಸುವ ಮೊದಲು ಕೇಳಬೇಕಿತ್ತು. ಒಂಬತ್ತು ಪ್ರಶ್ನೆಯವರೆಗೆ ಕೇಳಿ ನಿಲ್ಲಿಸುತ್ತಿದ್ದೆ. ಬದಲಿಗೆ ಅಂಗಳ ಅಳೆದೆ.

ಮೊನ್ನೆ ಗೆರೆ ಎಳೆದ ದಿನ ಶನಿವಾರ. ಕುಕ್ಕರುಗಾಲಲ್ಲಿ ಕೂತ ನನ್ನನ್ನು ಅತ್ತೆ ರೆಟ್ಟೆ ಹಿಡಿದು ಎಬ್ಬಿಸಿ ಜಗುಲಿಗೆ ಕರೆತಂದರು.

"ಅದೇನು ಫೋನಲ್ಲಿ ಅಷ್ಟಷ್ಟೇ ಕೇಳ್ತೀಯ, ನಿಲ್ಲಿಸ್ತೀಯ. ಪೂರ್ತಿ ಹಾಕು. ನನ್ ದನೀನೂ ಐತಂತಲ್ಲ ಅದ್ರಲ್ಲಿ."

ಹಾಕಿದೆ. ಅತ್ತೆ ನನ್ನ ಪಕ್ಕ ಕೂತು ಬೆಳ್ಳುಳ್ಳಿ ಮೊರ ಎಳೆದುಕೊಂಡರು. ಪ್ಲಾಟ್‌ಫಾರಂ ಸದ್ದು. ಬತ್ತೀನಿ ಅನ್ನು ಅಂತ ಹೇಳೇ. ನನ್ನ ದನಿ, ಒಂದೊಂದೇ ಪದ. ಹಾರನ್. ಆ ಹಾರನ್ನಿನ ಮೇಲೆಯೇ ಆಕೆಯ ದನಿ, ನಗುತ್ತಾ. ನಿಲ್ಲಿಸಿ ಮತ್ತೆ ಕೇಳಿದೆ. ಇಲ್ಲ, ಇಲ್ಲ, ಸೆನ್ಯೋರಾ. ಮೂರು ದಿನ ತಡೆದುಕೊಂಡಿದ್ದೇನೆ. ಇನ್ನು ನನ್ನಿಂದಾಗುವುದಿಲ್ಲ, ಎಂದಿದ್ದರು ಆಕೆ. ಆಮೇಲೆ ಚಪ್ ಎಂಬ ಸದ್ದು. ಆಮೇಲೆ ರೈಲು.

ಅವರು ರೈಲನ್ನು ನೋಡಿರಲಿಲ್ಲ.

"ಏನಂತಾಳೆ?" ಎಂದರು ಅತ್ತೆ.

ಹೇಳಿದೆ. ಅವರಿಗೆ ನಿಮ್ಮನ್ನು ಮುಟ್ಟಬೇಡಿ ಎಂದು ಮೊದಲ ದಿನವೇ ಹೇಳಿದವಳು ನಾನು, ಅವರು ನನ್ನ ಮಾತು ಮೀರಿದ್ದಕ್ಕೆ ನೀವಿಲ್ಲಿ ಕೂತಿದ್ದೀರಿ ಎಂದೆ.

ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು.

"ನೀನಾ ಹೇಳಿದ್ದು?"

"ನಾನೇ."

"ಅಯ್ಯೋ ನಿನ್ನ. ಮೂರು ದಿನ ನಾನು ಏನಂದ್ಕಂಡಿದ್ದೆ ಗೊತ್ತಾ? ನನ್ ಕೈ ಬೆಳ್ಳುಳ್ಳಿ ವಾಸ್ನೆ ಹೊಡೀತೈತೆ, ಅದ್ಕೇ ಹತ್ರ ಬರಾಕಿಲ್ಲ ಅಂದ್ಕಂಡಿದ್ದೆ. ದಿನಕ್ಕೆರಡು ಸಲ ಸೋಪು ಹಾಕಿ ತೊಳೆದೆ ಕಣೇ. ಪೌಡ್ರು ಬೇರೆ."

"ಅಭ್ಯಾಸ ಮಾಡಿದಾಗ ಥೂ ಅಂದಿರಲ್ಲ ಅತ್ತೆ."

"ನೀನು ಕೊಟ್ರೆ ಥೂ ಅನ್ನಲ್ವಾ ಮತ್ತೆ? ಅವಳು ಅಷ್ಟು ದೂರದಿಂದ ಬಂದೋಳು."

ಸ್ಪ್ಯಾನಿಷ್‌ನಲ್ಲಿ ಹತ್ತು ಪ್ರಶ್ನೆ ಬರೆದುಕೊಂಡು, ತಪ್ಪು ತಿದ್ದಿಕೊಂಡು, ಉಚ್ಚಾರಣೆ ಸರಿಮಾಡಿಕೊಂಡು ಕೇಳಿದವಳು ನಾನು. ಇದೊಂದನ್ನು ಅತ್ತೆಯನ್ನು ಕನ್ನಡದಲ್ಲಿ ಕೇಳಿರಲಿಲ್ಲ.

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಡಬ್ಬಿಗಳ ಸದ್ದು, ಮತ್ತೂ ಡಬ್ಬಿಗಳ ಸದ್ದು. ಕೊನೆಗೆಲ್ಲೋ ನನ್ನ ದನಿ: ಅತ್ತೆ.

"ಈಗ ಕೂಗ್ದ್ಯಾ?" ಎಂದರು ಅತ್ತೆ. "ಇಷ್ಟೊತ್ತಿಗೆ ನನ್ ತಿಥಿ ಊಟ ಮುಗಿದು ಎಲೆ ಎತ್ತಿರೋರು."

ನಾನು ಅತ್ತುಬಿಟ್ಟೆ. ಅವರು ಬೆಳ್ಳುಳ್ಳಿಯ ಒಂದು ಗಡ್ಡೆ ಬಿಡಿಸಿ ನನ್ನ ಮಡಿಲಿಗೆ ಹಾಕಿದರು, ಸುಲಿ ಎಂದು. ಸುಲಿಯುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಮೆಕ್ಸಿಕೋದವರಿಗೆ ರೈಲಿನ ವಿಷಯ ಬರೆಯಲೇ ಎಂದು ಕೇಳಿದೆ. ಈ ಸಲ ಕೇಳಿಯೇ ಮಾಡೋಣವೆಂದು.

"ಬೇಡ" ಎಂದರು. "ಮುತ್ತು ಕೊಟ್ಟಿದ್ದು ಮುತ್ತು ಕೊಟ್ಟಂಗೇ ಇರ್ಲಿ. ಪ್ರಾಣ ಉಳಿಸ್ದೆ ಅಂದ್ರೆ ಪಾಪ, ಅವಳೂ ನಿನ್ನಂಗೆ ಅಂಗಳ ಅಳೀತಾ ಕೂತ್ಕತಾಳೆ."

"ಟೀಚರಿಗೆ ಕಳಿಸ್ಲಾ?"

"ಕಳ್ಸು. ನನ್ ಮಾತಿಗೂ ಮಾರ್ಕ್ಸ್ ಕೊಡ್ತಾರಾ ಕೇಳು."

ಕಳಿಸಿದೆ. ಸಂಜೆಗೇ ಉತ್ತರ ಬಂತು. ಪರೀಕ್ಷೆಗೆ ಕೂರಬಹುದು; ಬೀಳ್ಕೊಡುಗೆ ಬಹಳ ಸಹಜವಾಗಿದೆ; ಆದರೆ ಹಿನ್ನೆಲೆಯಲ್ಲಿ ವಿಪರೀತ ಸದ್ದು, ಮುಂದಿನ ಸಲ ದಯವಿಟ್ಟು ಗಲಾಟೆಯಿಲ್ಲದ ಜಾಗ ಆರಿಸಿಕೊಳ್ಳಿ. ಅತ್ತೆಗೆ ಓದಿ ಹೇಳಿದೆ. ಆ ಜಾಗವನ್ನು ನಾನು ಹೇಗೆ ಆರಿಸಿದೆ ಎಂಬುದು ಅವರಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಿನ್ನೆ ಅರಸೀಕೆರೆ ಆಚೆಯ ಮಾಲೇಕಲ್ಲು ಬೆಟ್ಟಕ್ಕೆ ಹೋಗಿದ್ದೆವು. ತಿಮ್ಮಪ್ಪನಿಗೆ ಒಂದು ಮಾತು ಹೇಳಿ ಬರಬೇಕು ಎಂದು ಅತ್ತೆಯೇ ಹೊರಡಿಸಿದರು. ಅರಸೀಕೆರೆಯಲ್ಲಿ ಬಸ್ಸು ಬದಲಿಸುವಾಗ ನಾನು ಸ್ಟೇಷನ್ನಿನ ಕಡೆ ನೋಡಲಿಲ್ಲ. ಬೆಟ್ಟದ ಮೆಟ್ಟಿಲನ್ನು ಅತ್ತೆ ಅಲ್ಲಲ್ಲಿ ಕೂತು ಹತ್ತಿದರು. ನಾನು ಒಂದು ಮೆಟ್ಟಿಲು ಕೆಳಗೇ ಇದ್ದೆ. ಹಣ್ಣುಕಾಯಿ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದೆ, ಫೋನು ಅದರೊಳಗಿತ್ತು. ಎರಡೂ ಕೈ ಖಾಲಿ.

ಮಂಗಳಾರತಿ ಆಯಿತು. ಅತ್ತೆ ಕಣ್ಮುಚ್ಚಿ ಬಹಳ ಹೊತ್ತು ಕೈಮುಗಿದರು. ತುಟಿ ಅಲುಗುತ್ತಿತ್ತು, ಏನು ಹೇಳಿದರೋ. ನಾನು ಅವರ ಹಿಂದೆ ಮೂರು ಹೆಜ್ಜೆ ಲೆಕ್ಕ ಹಾಕಿ, ನಾಲ್ಕಡಿ ಆಚೆ, ಹೊಸ್ತಿಲಿಗೆ ಅಡ್ಡವಾಗಿ ನಿಂತುಕೊಂಡೆ. ಅತ್ತೆ ಕಣ್ಣು ತೆರೆದರು. ಕಾಲು ಹಿಂದಕ್ಕೆ ಎತ್ತುವ ಮೊದಲು ನಿಂತರು. ಮದುವೆಯಾಗಿ ಬಂದಾಗಿನಿಂದ ನಾನು ಕಂಡಿರದ ಕೆಲಸವೊಂದನ್ನು ಮಾಡಿದರು. ದೇವರ ಎದುರಿಗೇ ಪೂರ್ತಿ ಹಿಂದಕ್ಕೆ ತಿರುಗಿದರು.

"ತೆಪ್ಪು ತಿಳ್ಕಬೇಡಪ್ಪ" ಎಂದು ಬೆನ್ನ ಹಿಂದಿನ ದೇವರಿಗೆ ಹೇಳಿದರು. "ಹಿಂದೆ ಏನೈತೆ ಅಂತ ಒಸಿ ನೋಡ್ಕೊಂಡ್ಬಿಡ್ತೀನಿ."

ನೋಡಿದರು. ಎರಡೂ ಕೈ ಚಾಚಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ಏನೇ, ಇಲ್ಲಿಗೂ ಗೂಡ್ಸ್ ಬತ್ತೈತಾ?"

"ಹೇಳಕ್ಕಾಗಲ್ಲ ಅತ್ತೆ."

ಅವರು ಮತ್ತೆ ದೇವರ ಕಡೆ ತಿರುಗಿ, ಕೈಮುಗಿದುಕೊಂಡೇ ಹಿಂದೆ ಬಂದರು. ಒಂದು, ಎರಡು. ಮೂರನೆಯದು ಅರ್ಧ ಗೇಣು ಹೆಚ್ಚಾಗಿ ನನ್ನ ಪಾದದ ಮೇಲೆಯೇ ಬಿತ್ತು. ಹಿಮ್ಮಡಿ ಗಟ್ಟಿಯಾಗಿತ್ತು, ನೋವಾಯಿತು. ಕಾಲು ತೆಗೆಯಲಿಲ್ಲ. ಅತ್ತೆಯೂ ತಾವು ನಿಂತದ್ದು ಕಲ್ಲಿನ ಮೇಲಲ್ಲ ಎಂದು ಗೊತ್ತಿದ್ದೇ ಸ್ವಲ್ಪ ಹೊತ್ತು ಹಾಗೇ ನಿಂತರು.